ಬೂದಿ ಮುಟ್ಟಿದವನು

ಹನೂರು ಬಸ್ ಸ್ಟ್ಯಾಂಡಿನ ಮುಂದೆ ಜೀಪು ನಿಲ್ಲಿಸುವವರಲ್ಲಿ ಯಾರ ಬಾಯಿ ಜೋರು ಎಂದು ಕೇಳಿದರೆ ರಾಮಾಪುರದ ಟೀ ಅಂಗಡಿಯವರು ಕೂಡ ಶಾಂತಮೂರ್ತಿಯ ಹೆಸರನ್ನೇ ಹೇಳುತ್ತಾರೆ. ಹತ್ತುವವರು ಬಾಗಿಲನ್ನು ಜೋರಾಗಿ ಎಳೆದರೆ, “ನಿಮ್ಮಪ್ಪ ಕೊಡ್ಸಿದ್ನ ಗಾಡಿಯ?” ಎನ್ನುತ್ತಾನೆ. ಮೆಲ್ಲಗೆ ಎಳೆದರೆ, “ಬೆಳಿಗ್ಗೆ ಉಂಡಿಲ್ವ?” ಎನ್ನುತ್ತಾನೆ. ಮಾರ್ಟಳ್ಳಿ ಕಡೆಯವರನ್ನು ತಮಿಳಿನಲ್ಲಿ ಬೈಯುತ್ತಾನೆ, ಹನೂರಿನವರನ್ನು ಕನ್ನಡದಲ್ಲಿ, ತಿರುವಿನಲ್ಲಿ ಎದುರಾಗುವ ಲಾರಿಯವರನ್ನು ಎರಡರಲ್ಲೂ. ಇಂಥವನಿಗೆ ಆ ಹೆಸರು ಇಟ್ಟವಳು ಅವನ ತಾಯಿ ಶಿವರತ್ನಮ್ಮ. ಅವಳ ಬಾಯಿಯೂ ಅಂಥದೇ ಆದ್ದರಿಂದ ಅವಳೆದುರು ಯಾರೂ ಆ ಮಾತೆತ್ತಿ ನಗುವುದಿಲ್ಲ.

ಅವರದು ಹನೂರಿಗೆ ಹತ್ತಿರದ ಹಳ್ಳಿಯ ಲಿಂಗಾಯತ ಮನೆ. ಹೊಲ ಅಣ್ಣನ ಕೈಗೆ ಹೋಯಿತು. ಪಿಯುಸಿಯಲ್ಲಿ ಫೇಲಾದ ಶಾಂತಮೂರ್ತಿ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಗೆ ಸೇರಿ, ಸೀರೆಯನ್ನೆಲ್ಲ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದ ಹೆಂಗಸರಿಗೆ ಬೈದು ಅಲ್ಲಿಂದ ಹೊರಬಿದ್ದ. ಆಮೇಲೆ ಲಾರಿ ಕ್ಲೀನರ್ ಆದ, ಡ್ರೈವರ್ ಆದ, ಕೊನೆಗೆ ಒಂದು ಹಳೆಯ ಜೀಪು ಮಾಡಿಕೊಂಡು ಹನೂರು ಮಾರ್ಟಳ್ಳಿ ನಡುವೆ ಓಡಿಸತೊಡಗಿದ. ಬಾಯಿ ಹೇಗೇ ಇರಲಿ, ಭಕ್ತಿಗೆ ಕೊರತೆಯಿರಲಿಲ್ಲ. ಎದ್ದ ಕೂಡಲೇ ಸ್ನಾನ, ಕೊರಳಿನ ಲಿಂಗಕ್ಕೆ ಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ. ಚಿಕ್ಕಲ್ಲೂರಿಗೆ ಹೋಗಲಿ, ಕುರುಬನಕಟ್ಟೆಗೆ ಹೋಗಲಿ, ಅಲ್ಲಿನ ಬೂದಿಯನ್ನು ಹಣೆಗೆ ಹಚ್ಚಿ, ಒಂದು ಚಿಟಿಕೆ ನಾಲಗೆಗೆ ಹಾಕಿ, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ ಮನೆಗೆ ತರುತ್ತಿದ್ದ. ಗುಡಿ ಎಂದರೆ ಬೂದಿ, ಬೂದಿ ಎಂದರೆ ಹಣೆ. ಆ ಕಡೆಯವರ ಕೈಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ.

ರಾಮಾಪುರ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಡಕ್ಕೆ ಮಣ್ಣಿನ ಜಾಡು ಹಿಡಿದರೆ, ಕಾಡಂಚಿನಲ್ಲಿ ನೆಲ್ಲಿದಿಂಬ ಎಂಬ ಪೋಡು ಸಿಗುತ್ತದೆ. ಪೋಡು ಎಂದರೆ ಸೋಲಿಗರ ಸಣ್ಣ ಊರು. ಅದರ ಹಿಂದಿನ ದಿಣ್ಣೆಯ ಮೇಲೆ ದೊಡ್ಡ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಗೂಡುಗಳಿವೆ. ಯಾವ ಕಾಲದವು ಎಂದು ಯಾರಿಗೂ ಗೊತ್ತಿಲ್ಲ. ಬಯಲಿನವರು ಪಾಂಡವರ ಮನೆ ಎನ್ನುತ್ತಾರೆ, ಪೋಡಿನವರು ಹಿರೀಕರ ಮನೆ ಎನ್ನುತ್ತಾರೆ. ಬೇರೆ ಪೋಡುಗಳ ಕಟ್ಟಳೆ ಹೇಗೋ, ನೆಲ್ಲಿದಿಂಬದಲ್ಲಿ ಯಾರಾದರೂ ಸತ್ತರೆ ಮಗನಾದವನು ಹಳ್ಳದಿಂದ ಒಂದು ಕಲ್ಲು ಹೊತ್ತು ತಂದು ಆ ಗೂಡುಗಳ ಮುಂದೆ ನೆಡಬೇಕು. ಕಲ್ಲು ನೆಟ್ಟ ಮೇಲೆಯೇ ಸತ್ತವರು ಹಿರೀಕರ ಜೊತೆ ಸೇರುತ್ತಾರೆ. ಅಂಥ ಕಲ್ಲುಗಳು ದಿಣ್ಣೆಯ ತುಂಬ, ಕುರಿಮಂದೆ ಮಲಗಿದಂತೆ ಹರಡಿಕೊಂಡಿವೆ.

ಯಾರೋ ಮೊಬೈಲಿನಲ್ಲಿ ಇದರ ವಿಡಿಯೊ ಹಾಕಿದ ಮೇಲೆ ಮೈಸೂರು, ಬೆಂಗಳೂರಿನಿಂದ ಜನ ಕೇಳಿಕೊಂಡು ಬರತೊಡಗಿದರು. ಶಾಂತಮೂರ್ತಿಯ ಜೀಪಿನಲ್ಲಿ ಮೊದಲು ಬಂದ ಹುಡುಗರು ಗೂಡಿನ ಮೇಲೆ ಹತ್ತಿ, ಕಾಲು ಇಳಿಬಿಟ್ಟು ಫೋಟೊ ತೆಗೆಸಿಕೊಂಡರು. ಸಾಲದೆಂದು ನೆಟ್ಟ ಕಲ್ಲುಗಳನ್ನು ಕಿತ್ತು ಒಲೆ ಹೂಡಿ ನೂಡಲ್ಸ್ ಬೇಯಿಸಲು ಕೂತರು. ಪೋಡಿನವರು ದೊಣ್ಣೆ ಹಿಡಿದು ಓಡಿಬಂದರು. ಅವರು ಮುಟ್ಟುವ ಮೊದಲೇ ಶಾಂತಮೂರ್ತಿ ಒಬ್ಬನ ಕೊರಳಪಟ್ಟಿ ಹಿಡಿದು, ಪಾತ್ರೆಯನ್ನು ಒದ್ದು, ಅವರ ಮೂರು ತಲೆಮಾರನ್ನು ಎತ್ತಿ ಆಡಿ ಜೀಪಿಗೆ ತುಂಬಿದ್ದ.

ಪೋಡಿನ ಹಿರಿಯ ಚಿಕ್ಕಸಿದ್ದಯ್ಯ ದೊಣ್ಣೆಯ ಮೇಲೆ ಗದ್ದವೂರಿ ಇದನ್ನೆಲ್ಲ ನೋಡಿದ. ಅವನಿಗೆ ಗಂಡುಮಕ್ಕಳಿರಲಿಲ್ಲ, ಮಾದೇವಮ್ಮ ಎಂಬ ಒಬ್ಬಳೇ ಮಗಳು. ಅವಳೂ ಪಕ್ಕದಲ್ಲಿ ನಿಂತಿದ್ದಳು.

“ನೀನು ಬಯ್ಯದ ನೋಡುದ್ರೆ ನಿಂಗೂ ಒಸಿ ಭಯ ಅದೆ ಅನ್ನುಸ್ತದೆ ಬುದ್ದಿ,” ಎಂದ ಚಿಕ್ಕಸಿದ್ದಯ್ಯ. “ಭಯ ಇರೋನು ಜನನ ಕರ್ಕೊಂಡು ಬರ್ಲಿ. ಆದ್ರೆ ನಾವು ಹೇಳ್ದಂಗೆ ಬರ್ಬೇಕು.”

ಮೊದಲು ಪೋಡಿಗೆ ಬಂದು ಕೇಳಬೇಕು, ಹ್ಞೂಂ ಎಂದರೆ ಮಾತ್ರ ದಿಣ್ಣೆ ಹತ್ತಬೇಕು. ಚಪ್ಪಲಿ ಕೆಳಗೇ ಬಿಡಬೇಕು. ನೆಟ್ಟ ಕಲ್ಲನ್ನು ದಾಟಬಾರದು, ಸುತ್ತಿಕೊಂಡು ಹೋಗಬೇಕು. ಏನನ್ನೂ ಮುಟ್ಟಬಾರದು, ಏನನ್ನೂ ಇಡಬಾರದು, ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯಬಾರದು. ಅದಕ್ಕೆ ಬದಲಾಗಿ, ಪೋಡಿನವರಿಗೆ ಹುಷಾರಿಲ್ಲವೆಂದರೆ ಶಾಂತಮೂರ್ತಿಯ ಜೀಪು ಬರಬೇಕು.

“ಹಿಂಗೆ ಬಂದ್ರೂ ಬಂದಂಗೇ ಅಲ್ವ ಅಪ್ಪ?” ಎಂದು ಮಾದೇವಮ್ಮ ಆಗಲೇ ಮುಖ ತಿರುಗಿಸಿದಳು. “ಇವನೊಬ್ಬ ಕಾವಲುಗಾರ! ಕಾಯೋನೇ ಕರ್ಕೊಂಡ್ ಬತ್ತನೆ.”

ಶಾಂತಮೂರ್ತಿ ಅವಳ ಮಾತನ್ನು ಲೆಕ್ಕಕ್ಕಿಡಲಿಲ್ಲ. ಕಟ್ಟಳೆಗಳನ್ನು ಮಾತ್ರ ಜನರ ಮೇಲೆ ಹೇರಿದ. ಶೂ ಬಿಚ್ಚಲು ತಡ ಮಾಡಿದರೆ, “ಕಾಲಿಗೇ ಹೊಲ್ಕಂಡಿದ್ದೀರ ಸಾ?” ಎನ್ನುತ್ತಿದ್ದ. ಕಲ್ಲು ದಾಟಲು ಕಾಲೆತ್ತಿದವರನ್ನು ಅಂಗಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಹೂವು ತಂದ ಹೆಂಗಸರಿಂದ ಹೂವು ಕಿತ್ತುಕೊಂಡು ಜೀಪಿನ ಸೀಟಿನ ಮೇಲೆ ಎಸೆಯುತ್ತಿದ್ದ. ಬೈಸಿಕೊಂಡವರು ಕೂಡ ಹಿಂತಿರುಗುವಾಗ, ಜಾಗಕ್ಕೆ ತಕ್ಕ ಮನುಷ್ಯ ಎನ್ನುತ್ತಿದ್ದರು. ಈ ಮಾತು ಅವನ ತಲೆಗೇರಿತು. ಬರುಬರುತ್ತ, ಪೋಡಿಗೆ ಹೋಗಿ ಕೇಳುವುದೆಂಬ ಮೊದಲನೆಯ ಕಟ್ಟಳೆಯನ್ನು ತಾನೇ ಸಡಿಲ ಮಾಡಿಕೊಂಡ. ಪೋಡಿನ ಮುಂದೆ ಹಾದುಹೋಗುವಾಗ ಒಂದು ಸಲ ಹಾರನ್ ಹೊಡೆದರೆ ಕೇಳಿದಂತೆಯೇ ಆಯಿತು ಎಂದು ತೀರ್ಮಾನಿಸಿದ. ಚಿಕ್ಕಸಿದ್ದಯ್ಯ ಬೇಡವೆನ್ನಲಿಲ್ಲ. ಅವನಿಗೆ ಆಗಲೇ ಕಿವಿ ಮಂದವಾಗಿತ್ತು.

ಒಂದು ಭಾನುವಾರ ಮೈಸೂರಿನಿಂದ ಲಿಖಿತಾ ಎಂಬಾಕೆ ಗೆಳತಿಯರ ಜೊತೆ ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು. ದಾರಿಯುದ್ದಕ್ಕೂ ಕೇಳಿದ್ದೇ ಕೇಳಿದ್ದು. ತಾನು ಒಮ್ಮೆ ಮೆಕ್ಸಿಕೊ ದೇಶಕ್ಕೆ ಹೋಗಿದ್ದಾಗ ಅಲ್ಲಿ ಮಾಯಾ ಜನ ಹಿಂದೆ ಕಟ್ಟಿದ ಎತ್ತರದ ಕಲ್ಲುಗುಡಿ ನೋಡಿದ್ದನ್ನು ಹೇಳಿದಳು. ಅದರ ಮೆಟ್ಟಿಲು ಹತ್ತಬಾರದೆಂದು ಹಗ್ಗ ಕಟ್ಟಿದ್ದರಂತೆ. ಪ್ರವಾಸಿಯೊಬ್ಬ ಹಗ್ಗ ಹಾರಿ ಹತ್ತಿದಾಗ ಕೆಳಗಿದ್ದವರೆಲ್ಲ ಕೂಗಾಡಿ ಅವನನ್ನು ಇಳಿಸಿದರಂತೆ.

“ಕೂಗಾಡುದ್ರೆ ಸಾಲ್ದು, ಎರಡು ಬಿಡ್ಬೇಕಿತ್ತು,” ಎಂದ ಶಾಂತಮೂರ್ತಿ.

“ಅಲ್ಲಿ ಆ ಜನ ಇನ್ನೂ ಇದ್ದಾರೆ, ಶಾಂತಮೂರ್ತಿಯವರೇ. ಅದು ಅವರಿಗೆ ಬರೀ ಹಳೇ ಕಲ್ಲಲ್ಲ. ನಾನು ಅಲ್ಲಿ ಯಾರನ್ನೂ ಏನೂ ಕೇಳಲೇ ಇಲ್ಲ, ಟಿಕೆಟ್ ತಗೊಂಡು ನೋಡಿಕೊಂಡು ಬಂದುಬಿಟ್ಟೆ. ಇಲ್ಲಿ ಪೋಡಿನವರನ್ನ ಕೇಳಬೇಕು ಅಂತ ಯಾರೋ ಹೇಳಿದ್ರು.”

“ಈಗ ಹಾರನ್ ಹೊಡೆದ್ನಲ್ಲ ಮೇಡಮ್ಮೋರೆ, ಅದೇ ಕೇಳೋದು.”

ದಿಣ್ಣೆಯ ಮೇಲೆ ಗಾಳಿ ಇರಲಿಲ್ಲ. ದೊಡ್ಡ ಗೂಡಿನ ಮುಂದೆ ನೆಲವನ್ನು ಸಗಣಿಯಿಂದ ಸಾರಿಸಲಾಗಿತ್ತು. ಅದರ ನಡುವೆ ಬಿಳಿಯ ನಯವಾದ ಬೂದಿ ಒಂದು ಮೊರದಷ್ಟಗಲಕ್ಕೆ ಹರಡಿತ್ತು. ಲಿಖಿತಾ ಬಗ್ಗಿ ನೋಡಿದಳು.

“ಇದೇನು? ಹತ್ತಿರ ಹೋಗಬಹುದಾ?”

“ಏ, ಅಲ್ಲೇ ನಿಂತ್ಕಳಿ!” ಎಂದು ಶಾಂತಮೂರ್ತಿ ಗದರಿದ. “ಎಲ್ಲಕ್ಕೂ ಕೈ ಹಾಕೋ ಚಾಳಿ ನಿಮ್ಗೆ. ಇದು ದೇವ್ರ ಬೂದಿ. ಇದ್ಕೆ ಒಂದು ರೀತಿ ಅದೆ, ನೋಡ್ಕಳಿ.”

ಅಂದು ನಸುಕಿನಲ್ಲೇ ಹೊರಟಿದ್ದರಿಂದ ಅವನ ಹಣೆ ಖಾಲಿಯಿತ್ತು. ಮಂಡಿಯೂರಿದ, ಕಣ್ಣು ಮುಚ್ಚಿದ, ಮೂರು ಬೆರಳನ್ನು ಬೂದಿಗೆ ಒತ್ತಿ ಹಣೆಯ ಮೇಲೆ ಎಳೆದ. ಚಿಟಿಕೆಯಷ್ಟನ್ನು ನಾಲಗೆಗೆ ಹಾಕಿಕೊಂಡ.

ಹಿಂದಿನಿಂದ ಒಂದು ಕೂಗು ಬಂತು. ಮಾದೇವಮ್ಮ ಸೌದೆ ಹೊರೆಯನ್ನು ಅಲ್ಲೇ ಕೆಡವಿ, ನೆಟ್ಟ ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಓಡಿ ಬರುತ್ತಿದ್ದಳು. ಬಂದವಳು ಅವನ ಮೈ ಮುಟ್ಟಲಿಲ್ಲ. ಎದುರಿಗೆ ನಿಂತು ಅವನ ಹಣೆಯನ್ನೇ ನೋಡಿದಳು.

“ಏನ್ ಮಾಡ್ಬುಟ್ಟೆ! ಏನ್ ಮಾಡ್ಬುಟ್ಟೆ ನೀನು!”

“ಏನೀಗ? ಬೂದಿ ತಾನೆ?”

“ಯಾರ ಬೂದಿ ಅಂತ ಗೊತ್ತ? ನಮ್ಮಪ್ಪನ್ದು ಕಣೋ! ಅವನ ಚಾಪೆ, ಅವನ ಅಂಗಿ, ಅವನ ದೊಣ್ಣೆ ಸುಟ್ಟ ಬೂದಿ!”

ಚಿಕ್ಕಸಿದ್ದಯ್ಯ ಸತ್ತಿದ್ದು ಶಾಂತಮೂರ್ತಿಗೆ ಗೊತ್ತಾದದ್ದು ಹೀಗೆ. ನಾಲಗೆಯ ಮೇಲೆ ಬೂದಿ ಇನ್ನೂ ಕರಗಿರಲಿಲ್ಲ.

ಅಷ್ಟರಲ್ಲಿ ಪೋಡಿನ ಗಂಡಸರೂ ಬಂದರು. ಯಾರೂ ದೊಣ್ಣೆ ತಂದಿರಲಿಲ್ಲ. ಆದರೆ ಅವರ ಮುಖಗಳನ್ನು ನೋಡಿ ಲಿಖಿತಾಳ ಗೆಳತಿಯರು ಸದ್ದಿಲ್ಲದೆ ದಿಣ್ಣೆ ಇಳಿದರು. ಮಾದೇವಮ್ಮ ಏದುಸಿರು ಬಿಡುತ್ತ ಕಟ್ಟಳೆ ಹೇಳಿದಳು. ಆ ಬೂದಿಯನ್ನು ಮುಟ್ಟುವ ಹಕ್ಕು ಮಗನಾದವನೊಬ್ಬನಿಗೇ. ಅದನ್ನು ಹಣೆಗೆ ಹಚ್ಚಿದವನೇ ಅಮಾವಾಸ್ಯೆಯ ದಿನ ಕಲ್ಲು ಹೊರಬೇಕು. ಚಿಕ್ಕಸಿದ್ದಯ್ಯನಿಗೆ ಗಂಡು ಸಂತಾನವಿಲ್ಲದ್ದಕ್ಕೆ ಯಳಂದೂರು ಕಡೆಯ ಬೆಟ್ಟದಲ್ಲಿರುವ ಅವನ ಅಣ್ಣನ ಮಗ ಬಂದು ಹಚ್ಚಬೇಕೆಂದು ಮಾತಾಗಿತ್ತು. ಒಬ್ಬ ಹಚ್ಚಿದ ಮೇಲೆ ಇನ್ನೊಬ್ಬ ಹಚ್ಚುವಂತಿಲ್ಲ. ಈಗ ಶಾಂತಮೂರ್ತಿ ಹೊತ್ತರೆ ಕಲ್ಲು, ಇಲ್ಲವಾದರೆ ಚಿಕ್ಕಸಿದ್ದಯ್ಯನಿಗೆ ಕಲ್ಲೇ ಇಲ್ಲ.

“ನಾನ್ಯಾಕೆ ಹೊರ್ಲಿ? ಗೊತ್ತಿಲ್ದೆ ಹಚ್ಕಂಡೆ.”

“ಕೇಳಿದ್ರೆ ಗೊತ್ತಾಗೋದು. ಬಾಗ್ಲಿಗೆ ಬಂದು ಕೇಳಿದ್ಯ?”

“ಹಾರನ್ ಹೊಡ್ದೆ.”

“ನಿಮ್ಮನೇಲಿ ಸಾವಾದ್ರೆ ಹಾರನ್ ಹೊಡ್ಕಂಡು ಒಳಿಕ್ಕೆ ನುಗ್ತಾರ?”

ಶಾಂತಮೂರ್ತಿ ಸಿಕ್ಕಿಬಿದ್ದಾಗಲೆಲ್ಲ ಮಾಡುವುದನ್ನೇ ಮಾಡಿದ. ಪೋಡಿನವರನ್ನೆಲ್ಲ ವಾಚಾಮಗೋಚರ ಬೈದು, ಹೆಂಗಸರನ್ನು ಜೀಪಿಗೆ ಹತ್ತಿಸಿಕೊಂಡು ಬಂದುಬಿಟ್ಟ. ಹನೂರಿನಲ್ಲಿ ಇಳಿಯುವಾಗ ಲಿಖಿತಾ, “ನಾನಾದರೂ ಪೋಡಿನ ಹತ್ತಿರ ಇಳಿದು ಕೇಳಬೇಕಾಗಿತ್ತು,” ಎಂದಳು.

“ಓಗಮ್ಮ, ನೀನೊಬ್ಳು!” ಎಂದ.

ಮನೆಯಲ್ಲಿ ವಿಷಯ ಮುಚ್ಚಿಡಲಾಗಲಿಲ್ಲ. ಜೊತೆಯ ಡ್ರೈವರ್ ಶಂಕರನಿಗೆ ಆ ಹೆಂಗಸರಲ್ಲೊಬ್ಬಳು ಎಲ್ಲವನ್ನೂ ಹೇಳಿದ್ದಳು. ಸಂಜೆಯೊಳಗೆ ಅದು ಊರಿಗೆ ಬಂದಿತ್ತು. ಶಿವರತ್ನಮ್ಮ ಮಗನನ್ನು ಹಟ್ಟಿಯಲ್ಲೇ ತಡೆದು ನಿಲ್ಲಿಸಿದಳು.

“ಹೆಣದ ಬೂದಿ ಬಳ್ಕಂಡು ಒಳಿಕ್ಕೆ ಬತ್ತೀಯೇನ್ಲಾ?”

“ಹೆಣದ್ದಲ್ಲ ಕಣವ್ವ, ಚಾಪೇದು.”

“ಚಾಪೇಲಿ ಮಲ್ಗಿದ್ದೋನು ಯಾರು? ನಾವು ಲಿಂಗ ಕಟ್ಟಿದೋರು. ನಿಮ್ಮಪ್ಪ ಸತ್ತಾಗ್ಲೇ ಸೂತಕ ಅನ್ಲಿಲ್ಲ ನಾವು. ಈಗ ಯಾರೋ ಸೋಲಿಗನಿಗೆ ಮಗನಾಗಿ ಕಲ್ಲು ಹೊತ್ತೀಯ? ಹೋಗು, ಬಚ್ಚಲಲ್ಲಿ ತೊಳ್ಕೋ. ತೊಳುದ್ರೆ ಓಯ್ತದೆ.”

ಹೆಂಡತಿ ಸೌಮ್ಯ ಬಿಸಿನೀರು ತಂದಿಟ್ಟಳು. “ಬೇರೆಯೋರಿಗೆಲ್ಲ ಮುಟ್ಬೇಡಿ ಮುಟ್ಬೇಡಿ ಅಂತ ಬಯ್ಯದು, ತಾನು ಮಾತ್ರ ನೆಕ್ಕದು,” ಎಂದು ಗೊಣಗಿ ಒಳಗೆ ಹೋದಳು.

ಶಾಂತಮೂರ್ತಿ ತೊಳೆದುಕೊಂಡ. ಸೋಪು ಹಚ್ಚಿ ಹಣೆ ಕೆಂಪಾಗುವಷ್ಟು ಉಜ್ಜಿದ. ತಲೆ ಒರೆಸಿಕೊಳ್ಳುವಾಗ ದೇವರ ಗೂಡಿನಲ್ಲಿದ್ದ ಕಾಗದದ ಪೊಟ್ಟಣಗಳು ಕಣ್ಣಿಗೆ ಬಿದ್ದವು. ಒಂದು ಚಿಕ್ಕಲ್ಲೂರಿನದು, ಒಂದು ಕುರುಬನಕಟ್ಟೆಯದು. ಮಗಳು ಜ್ವರದಲ್ಲಿ ಬೇಯುತ್ತಿದ್ದಾಗ ಅದನ್ನೇ ಅವಳ ಹಣೆಗೆ ಹಚ್ಚಿದ್ದ. ಹೊಸ ಟೈರಿಗೂ ಹಚ್ಚಿದ್ದ. ಬೆಳಿಗ್ಗೆ ಹಚ್ಚಿದ ಬೂದಿ ಮಧ್ಯಾಹ್ನದ ಬೆವರಿಗೆ ಅಳಿಸಿದರೂ ದೇವರು ಅಳಿಸುವುದಿಲ್ಲ ಎಂದು ಎಷ್ಟೋ ಪ್ಯಾಸೆಂಜರುಗಳಿಗೆ ಅವನೇ ಹೇಳಿದ್ದ.

“ಅವ್ವ,” ಎಂದು ಒಳಗಿನಿಂದಲೇ ಕೂಗಿದ. “ಇದು ತೊಳುದ್ರೆ ಓಯ್ತದೆ ಅನ್ನೋದಾದ್ರೆ, ನಮ್ದೂ ತೊಳುದ್ರೆ ಓಗ್ಬೇಕಲ್ವ?”

“ನಮ್ದೇ ಬೇರೆ!”

“ಹೆಂಗೆ ಬೇರೆ?”

ಶಿವರತ್ನಮ್ಮ ಉತ್ತರಕ್ಕೆ ಬದಲು ಮಗನ ಕಡೆಗೆ ಸೌಟು ಎಸೆದಳು. ಅದು ಗೋಡೆಗೆ ಬಡಿದು ಬಿತ್ತು.

ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಜೀಪಿನವರಿಗೆ ಅಮಾವಾಸ್ಯೆ ಎಂದರೆ ಮಾದಪ್ಪನ ಬೆಟ್ಟದ ಬಾಡಿಗೆ. ಅಂದು ದುಡಿಯದವನು ಜೀಪು ಇಟ್ಟುಕೊಳ್ಳುವುದೇ ದಂಡ. ಶಾಂತಮೂರ್ತಿ ಎಂದಿನಂತೆ ಸ್ಟ್ಯಾಂಡಿಗೆ ಬಂದ, ಎಂದಿಗಿಂತ ಹೆಚ್ಚಾಗಿ ಬೈದ. ಆ ವಾರದಲ್ಲಿ ಒಂದು ದಿನ ಮಾದೇವಮ್ಮ ಬಸ್ಸಿನಲ್ಲಿ ಹನೂರಿಗೆ ಬಂದಳು. ಸಂತೆ ಚೀಲ ಇಲ್ಲ, ಜೊತೆಗೆ ಯಾರೂ ಇಲ್ಲ. ನೆಟ್ಟಗೆ ನಡೆದು ಬಂದು ಅವನ ಜೀಪಿನ ಬಾನೆಟ್ಟಿನ ಮುಂದೆ ನಿಂತಳು.

“ಅಮಾಸೆಗೆ ಬತ್ತೀಯೋ ಇಲ್ವೋ?”

“ಸರಿ ಆ ಕಡೀಕೆ. ಗಾಡಿ ತುಂಬ್ಕಂಡದೆ.”

“ಬತ್ತೀಯೋ ಇಲ್ವೋ ಹೇಳು.”

ಒಳಗೆ ಕೂತಿದ್ದವರು ತಲೆ ಹೊರಗೆ ಹಾಕಿದರು. ಶಂಕರ್ ತನ್ನ ಜೀಪಿನಿಂದ ಇಳಿದು ಬಂದು ಚಪ್ಪಾಳೆ ತಟ್ಟಿದ.

“ಲೇ ಮೂರ್ತಿ, ನಿಮ್ಮಕ್ಕ ಬಂದವ್ಳೆ ಕಣ್ಲಾ! ತವರಿಗೆ ಬಂದೋಳ್ಗೆ ಕಾಫಿನಾದ್ರು ಕುಡ್ಸ್ಬಾರ್ದ?”

ಜನ ನಕ್ಕರು. ಮಾದೇವಮ್ಮ ಶಂಕರನ ಕಡೆ ತಿರುಗಿಯೂ ನೋಡಲಿಲ್ಲ.

“ಹಳ್ಳದಾಗೆ ಕಲ್ಲು ಆರಿಸಿ ಮಡಗಿವ್ನಿ,” ಎಂದಳು. “ನಮ್ಮಪ್ಪ ಈಗ ಮನೇಲೂ ಇಲ್ಲ, ಹಿರೀಕರ ತಾವೂ ಇಲ್ಲ. ನಡುದಾರೀಲಿ ನಿಂತವ್ನೆ. ಅವನ ನಿಲ್ಸಿರೋನು ನೀನು. ನಂಗೇನು ನಿನ್ನ ಮುಖ ನೋಡೋ ಆಸೆ ಇಲ್ಲ. ನೀನು ಬಂದು ಹೊತ್ತಾಕಿ ಓಗು, ಅಷ್ಟೇಯ.”

“ಬರಾಕಾಗಲ್ಲ ಓಗು!”

ಅವಳು ನೆಲಕ್ಕೆ ಉಗಿದಳು. ಅವನ ಮೇಲೆ ಅಲ್ಲ, ಅವನ ಜೀಪಿನ ಚಕ್ರದ ಪಕ್ಕಕ್ಕೆ. ಉಗಿದು, ಬಂದ ಹಾಗೆಯೇ ನೆಟ್ಟಗೆ ನಡೆದು ಹೋದಳು. ಶಂಕರ್ ಇನ್ನೂ ಏನೋ ಹೇಳಲು ಬಾಯಿ ತೆರೆದ. ಶಾಂತಮೂರ್ತಿ ಅವನ ಅಂಗಿ ಹಿಡಿದ. ಬಿಡಿಸಲು ಬೇಕರಿಯವನು ಓಡಿಬರಬೇಕಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಸ್ಟ್ಯಾಂಡಿನ ಮುಂದೆ ಬೆಟ್ಟಕ್ಕೆ ಹೋಗುವವರ ದೊಡ್ಡ ಗುಂಪಿತ್ತು. ಶಾಂತಮೂರ್ತಿ ಜೀಪು ತಂದ. ಜನ ಮುಗಿಬಿದ್ದು ಹತ್ತಿ ಕೂತರು. ಅವನು ಇಂಜಿನ್ ಶುರು ಮಾಡಿ, ಮತ್ತೆ ಆರಿಸಿದ. ಆಮೇಲೆ ಹಿಂದಕ್ಕೆ ತಿರುಗಿ, “ಎಲ್ಲ ಇಳೀರಿ,” ಎಂದ.

“ಯಾಕ್ ಸಾ? ಪಂಕ್ಚರಾ?”

“ಇಳೀರಿ ಅಂದ್ರೆ ಇಳೀಬೇಕು! ಕಾರಣ ಬೇಕಾ ನಿಮ್ಗೆ?”

ನೆಲ್ಲಿದಿಂಬ ತಲುಪುವವರೆಗೂ ತನ್ನನ್ನು ತಾನೇ ಬೈದುಕೊಂಡ. ಪೋಡಿನ ಬಾಗಿಲಲ್ಲಿ ಹಾರನ್ ಹೊಡೆಯಲಿಲ್ಲ. ಇಳಿದು, ಮಾದೇವಮ್ಮನ ಗುಡಿಸಲಿನ ಮುಂದೆ ನಿಂತು ಕೆಮ್ಮಿದ. ಅವಳು ಹೊರಗೆ ಬಂದಳು. ಬಂದೆಯಾ ಎನ್ನಲಿಲ್ಲ. “ಅಂಗಿ ತೆಗಿ, ಚಪ್ಪಲಿ ಬುಡು. ಇಲ್ಲಿಂದ ಕಲ್ಲು ಕೂರ್ಸೋವರ್ಗೂ ಮಾತಾಡಂಗಿಲ್ಲ. ದಾರೀಲಿ ಕಲ್ಲು ಇಳುಸಂಗಿಲ್ಲ,” ಎಂದಳು.

ಅಂಗಿ ತೆಗೆದಾಗ ಕೊರಳಿನ ಲಿಂಗದ ಕರಡಿಗೆ ಕಾಣಿಸಿತು. ಪೋಡಿನವನೊಬ್ಬ, “ಅದ್ನೂ ತಗೀಬೇಕಲ್ವ?” ಎಂದ. ಶಾಂತಮೂರ್ತಿ ಎರಡೂ ಕೈಯಿಂದ ಕರಡಿಗೆಯನ್ನು ಮುಚ್ಚಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಅದನ್ನು ತೆಗೆಯಿರಿ ಎಂದಿದ್ದರೆ ಅಲ್ಲಿಂದಲೇ ಹಿಂತಿರುಗುತ್ತಿದ್ದ.

“ಅದು ಅವನ ದೇವ್ರು,” ಎಂದಳು ಮಾದೇವಮ್ಮ. “ಅದ್ನ ತಗ್ಸೋಕೆ ನಾವ್ಯಾರು? ಇರ್ಲಿ.”

ಹಳ್ಳದಲ್ಲಿ ಅವಳು ಆರಿಸಿಟ್ಟಿದ್ದ ಕಲ್ಲು ಸಣ್ಣದೇನಲ್ಲ. ಹಠಕ್ಕೇ ದೊಡ್ಡದನ್ನು ಆರಿಸಿದ್ದಾಳೆ ಎಂದು ಶಾಂತಮೂರ್ತಿಗೆ ಖಾತ್ರಿಯಾಯಿತು. ಬಾಯಿಗೆ ಬಂದ ಮಾತನ್ನು ನುಂಗಿ, ಕಲ್ಲನ್ನು ಹೆಗಲಿಗೆ ಹಾಕಿಕೊಂಡ. ಪೋಡಿನವರು ಎರಡೂ ಬದಿ ನಿಂತು ನೋಡಿದರು. ಯಾರೂ ಕೈ ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಒಬ್ಬರ ಕಣ್ಣಲ್ಲೂ ಸ್ನೇಹವಿರಲಿಲ್ಲ. ಅವರ ಹಿರಿಯನ ಕಲ್ಲನ್ನು ಅವನ ಅಣ್ಣನ ಮಗನ ಕೈಯಿಂದ ಕಿತ್ತುಕೊಂಡವನು ಇವನು. ಬಿದ್ದರೆ ನಗೋಣ ಎನ್ನುವವರೂ ಅಲ್ಲಿರಲಿಲ್ಲ. ಅವನು ಬಿದ್ದರೆ ಚಿಕ್ಕಸಿದ್ದಯ್ಯನೂ ಬಿದ್ದ ಹಾಗೆ.

ದಿಣ್ಣೆಯ ಏರಿನಲ್ಲಿ ಒಣಗಿದ ಮುಳ್ಳು ಅಂಗಾಲಿಗೆ ಹೊಕ್ಕಿತು. ಬೈಯದೆ ನೋವು ತಾಳುವುದು ಅವನಿಗೆ ಗೊತ್ತೇ ಇರಲಿಲ್ಲ. ಹಲ್ಲು ಕಚ್ಚಿದ. ಕಲ್ಲಿನ ಅಂಚು ಹೆಗಲಿನ ಚರ್ಮ ಸುಲಿಯಿತು. ಕಿತ್ತು ಬರುವ ಬೈಗುಳಗಳೆಲ್ಲ ಎದೆಯಲ್ಲಿ ತುಂಬಿ, ಉಸಿರಿಗೆ ಜಾಗವಿಲ್ಲದಂತಾಯಿತು. ನೆಟ್ಟ ಕಲ್ಲುಗಳ ನಡುವೆ ಬಂದಾಗ ಕಾಲುಗಳು ತಾವಾಗಿಯೇ ಸುತ್ತು ದಾರಿ ಹಿಡಿದವು. ಈ ಕಲ್ಲುಗಳನ್ನು ದಾಟಬೇಡಿ ಎಂದು ಎಷ್ಟು ಜನರಿಗೆ ಗದರಿದ್ದನೋ. ಒಂದೊಂದನ್ನೂ ಯಾವನೋ ಒಬ್ಬ ಮಗ ಹೀಗೆ ಹೆಗಲು ಸುಲಿಸಿಕೊಂಡು ತಂದಿದ್ದಾನೆ ಎನ್ನುವುದು ಮಾತ್ರ ಅವನಿಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

ಬೂದಿ ಇದ್ದ ಜಾಗದಲ್ಲಿ ಗುಣಿ ತೋಡಿದ್ದರು. ಕಲ್ಲು ಇಳಿಸಿದ. ಮಾದೇವಮ್ಮ ಮಣ್ಣು ಮುಚ್ಚಿ ಅಂಗೈಯಿಂದ ಬಡಿದು ಗಟ್ಟಿ ಮಾಡಿದಳು. ಆಮೇಲೆ ಕಲ್ಲಿಗೆ ಹಣೆ ತಾಗಿಸಿ, “ಓಗಪ್ಪ, ಸೇರ್ಕೋ,” ಎಂದು ಒಂದೇ ಸಲ ಜೋರಾಗಿ ಅತ್ತಳು. ಎದ್ದು ಕಣ್ಣೊರೆಸಿಕೊಂಡಾಗ ಅವಳ ಮುಖ ಮತ್ತೆ ಮೊದಲಿನಂತೆಯೇ ಬಿಗಿದುಕೊಂಡಿತ್ತು.

“ಆಯ್ತಲ್ಲ?” ಎಂದ ಶಾಂತಮೂರ್ತಿ. “ನಾ ಬತ್ತೀನಿ.”

“ಇನ್ನೊಂದು ಮಾತು. ಅಪ್ಪನ ಕಲ್ಲ ಮುಂದೀಕೆ ಮಗ ಬಾಡಿಗೆ ಜನನ ತರಂಗಿಲ್ಲ.”

“ಏನಂದೆ?”

“ಕೇಳುಸ್ತಲ್ಲ. ಇನ್ ಮುಂದೆ ನೀನು ತರಂಗಿಲ್ಲ. ಬೇರೆಯೋರು ಕೇಳ್ದೆ ಬಂದ್ರೆ ತಡೆಯೋದೂ ನಿಂದೇಯ.”

ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಆಗ ಹೊರಗೆ ಬಂತು. ಮೋಸ ಎಂದ, ಹೊಟ್ಟೆಗೆ ಹೊಡೆದಿರಿ ಎಂದ, ಮೊದಲೇ ಹೇಳಿದ್ದರೆ ಈ ಕಡೆ ತಲೆ ಹಾಕುತ್ತಿರಲಿಲ್ಲ ಎಂದ. ಮಾದೇವಮ್ಮ ಅವನು ಮುಗಿಸುವವರೆಗೂ ಕಾದಳು.

“ನಾವೇನು ಹಚ್ಕೋ ಅಂದಿದ್ವ?” ಎಂದಳು. “ನಡಿ, ಉಂಡು ಓಗು. ಉಣ್ದೆ ಓಗಂಗಿಲ್ಲ.”

ರಾಗಿಮುದ್ದೆ, ಸೊಪ್ಪಿನ ಸಾರು. ಅವನು ಎಲೆಯ ಕಡೆ ನೋಡುತ್ತ, ಕೋಪದಿಂದಲೇ ನುಂಗಿದ. ಬಡಿಸಿದವಳೂ ಕೋಪದಿಂದಲೇ ಬಡಿಸಿದಳು.

ಮನೆಯಲ್ಲಿ ಶಿವರತ್ನಮ್ಮ ಮಾತು ಬಿಟ್ಟಳು. ಮಗನಿಗೆ ತಟ್ಟೆಯನ್ನು ನೆಲದ ಮೇಲೆ ದೂಡುತ್ತಿದ್ದಳು. ಅಣ್ಣ ಹಬ್ಬಕ್ಕೆ ಕರೆಯಲಿಲ್ಲ. ಇಷ್ಟೆಲ್ಲ ಆದ ಮೇಲೆ ದಿಣ್ಣೆಯ ಬಾಡಿಗೆಯನ್ನಾದರೂ ಉಳಿಸಿಕೊಳ್ಳಬಹುದಿತ್ತು. ಮಾದೇವಮ್ಮ ಹನೂರಿಗೆ ಬಂದು ಕಾಯುತ್ತ ಕೂರುವವಳಲ್ಲ. ಆದರೆ ಲಿಖಿತಾ ಫೋನ್ ಮಾಡಿ, ಇನ್ನೊಂದು ಗುಂಪಿನ ಜೊತೆ ಬರುತ್ತೇನೆ, ಈ ಸಲ ಮೊದಲು ಪೋಡಿಗೇ ಹೋಗೋಣ ಎಂದಾಗ, “ಇಲ್ಲ, ನಾನು ಬರಲ್ಲ,” ಎಂದು ಫೋನ್ ಇಟ್ಟ.

ಆ ಭಾನುವಾರ ಆ ಬಾಡಿಗೆ ಶಂಕರನಿಗೆ ಸಿಕ್ಕಿತು. “ನಿನ್ ಪಾರ್ಟಿ ನನ್ ಗಾಡೀಲಿ ಅವ್ರೆ ಕಣ್ಲಾ, ನೀನು ಕೇಳ್ದೆ ಅಂತ ನಿಮ್ಮಪ್ಪಂಗೆ ಹೇಳ್ತೀನಿ,” ಎಂದು ಅವನು ಸ್ಟ್ಯಾಂಡಿನಲ್ಲಿ ಕೂಗಿ ಹೇಳಿ ಹೊರಟ. ಶಾಂತಮೂರ್ತಿ ಗ್ಲಾಸಿನ ಟೀ ಅರ್ಧಕ್ಕೇ ಚೆಲ್ಲಿ ಜೀಪು ಹತ್ತಿದ. ರಾಮಾಪುರದ ಆಚೆ ಶಂಕರನನ್ನು ಹಿಂದೆ ಹಾಕಿ, ಮಣ್ಣಿನ ಜಾಡಿನ ಬಾಯಿಗೆ ಜೀಪನ್ನು ಅಡ್ಡ ನಿಲ್ಲಿಸಿ ಇಳಿದು ನಿಂತ.

“ಏನ್ಲಾ ಇದು?” ಶಂಕರ್ ಬ್ರೇಕ್ ಒತ್ತಿ ಹೊರಗೆ ಹಾರಿದ. “ರೋಡು ನಿಂದಾ? ದಿಣ್ಣೆ ನಿಂದಾ? ಯಾವನ್ಲಾ ನೀನು ತಡೆಯೋಕೆ?”

“ಅಲ್ಲಿ ನಮ್ಮಪ್ಪ ಅವ್ನೆ.”

ಹೇಳಿದ ಮೇಲೆ ಶಾಂತಮೂರ್ತಿಗೇ ಕಿವಿ ಬಿಸಿಯಾಯಿತು. ಶಂಕರ್ ನಗಲು ನೋಡಿದ. ಅವನ ಮುಖ ನೋಡಿ ನಗು ಬರಲಿಲ್ಲ.

“ನಾಳೆಯಿಂದ ಸ್ಟ್ಯಾಂಡಲ್ಲಿ ನಿಂಗೆ ಸರದಿ ಇಲ್ಲ, ತಿಳ್ಕೋ. ಎಲ್ಲರ್ಗೂ ಹೇಳ್ತೀನಿ.”

“ಹೇಳ್ಕ ಓಗ್ಲಾ!”

ಲಿಖಿತಾ ಜೀಪಿನಿಂದ ಇಳಿದು ಬಂದಳು. “ನಾವು ಕೇಳಿಕೊಂಡು ಹೋಗೋಣ ಅಂತಾನೇ ಬಂದದ್ದು,” ಎಂದಳು. “ಕೇಳಿದರೆ ಬಿಡ್ತೀರಾ?”

“ಕೇಳ್ಬೇಕಾದ್ದು ನನ್ನನ್ನಲ್ಲ. ಬನ್ನಿ. ನೀವೊಬ್ರೇ ಬನ್ನಿ. ಅವ್ರೆಲ್ಲ ಇಲ್ಲೇ ಇರ್ಲಿ.”

ಇಬ್ಬರೂ ಪೋಡಿನವರೆಗೆ ನಡೆದರು. ಮಾದೇವಮ್ಮ ಅಂಗಳದಲ್ಲಿ ಕೂತು ಸೀಗೆಕಾಯಿ ಆರಿಸುತ್ತಿದ್ದಳು. ಲಿಖಿತಾ ಚಪ್ಪಲಿ ಬಿಟ್ಟು, ಕೈಮುಗಿದು, ತಾವು ಎಲ್ಲಿಂದ ಬಂದವರು, ಯಾಕೆ ಬಂದಿದ್ದೇವೆ ಎಂದು ಹೇಳಿದಳು. ಏನನ್ನೂ ಮುಟ್ಟುವುದಿಲ್ಲ, ಫೋಟೊ ತೆಗೆಯುವುದಿಲ್ಲ, ದೂರದಿಂದ ನೋಡಿಕೊಂಡು ಹೋಗುತ್ತೇವೆ ಎಂದಳು. ಮಾದೇವಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಬ್ಯಾಡ,” ಎಂದಳು.

“ಇವತ್ತು ಬೇಡವಾ? ಇನ್ನೊಂದು ದಿನ ಬರಬಹುದಾ?”

“ಇನ್ನೊಂದಿನ ಬಂದಾಗ ಇನ್ನೊಂದಿನ ಕೇಳು. ಇವತ್ತು ಬ್ಯಾಡ.”

ಅಷ್ಟು ದೂರದಿಂದ ಬಂದಿದ್ದು ಲಿಖಿತಾಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ, “ಸರಿ,” ಎಂದು ಚಪ್ಪಲಿ ಮೆಟ್ಟಿಕೊಂಡಳು. ಶಾಂತಮೂರ್ತಿ ಅವಳ ಹಿಂದೆ ಹೊರಡಲು ತಿರುಗಿದ. ಒಂದು ಒಳ್ಳೆಯ ಮಾತು ಬರಬಹುದೆಂದು ಅವನು ಕಾದಿದ್ದನೋ ಏನೋ, ಹೆಜ್ಜೆ ನಿಧಾನವಾಗಿತ್ತು.

“ಲೇ ತಮ್ಮ,” ಎಂದು ಮಾದೇವಮ್ಮ ಸೀಗೆಕಾಯಿಯಿಂದ ತಲೆಯೆತ್ತದೆ ಕೂಗಿದಳು. “ನಿನ್ನ ದರಿದ್ರದ ಗಾಡೀನ ದಾರೀಲಿ ಅಡ್ಡ ನಿಲ್ಸಿದ್ದೀಯಂತಲ್ಲ, ಹೈಕ್ಳು ಓಡ್ಬಂದು ಹೇಳುದ್ರು. ಆಡು ಬರೋ ಹೊತ್ತು. ಬೇಗ ತಗಿ.”

“ತಗೀತೀನಿ ಕಣಕ್ಕ, ಬಾಯಿ ಮಾಡ್ಬ್ಯಾಡ!” ಎಂದು ಅವಳಷ್ಟೇ ಜೋರಾಗಿ ಕೂಗಿ, ಶಾಂತಮೂರ್ತಿ ಜಾಡಿನ ಕಡೆ ದಾಪುಗಾಲು ಹಾಕಿದ.